ದಿಮ್ಮಿಯ ಗುಣ ನೆಟ್ಟ ದಿನವೇ ನಿರ್ಧಾರ

ತಳಿ ಮತ್ತು ನೆಡುವ ಅಂತರ: ಮರ ಕೊಳ್ಳುವ ಉದ್ಯಮಿ ಅರಿಯಬೇಕಾದ ಎರಡು ಸಂಗತಿಗಳು

ಬೆಂಗಳೂರಿನ ಪಶ್ಚಿಮ ಭಾಗದ ಮಾರೇನಹಳ್ಳಿಯಲ್ಲಿ ಬಾಗಿಲು, ಕಿಟಕಿ ಮತ್ತು ಪೀಠೋಪಕರಣ ತಯಾರಿಸುವ ಸಣ್ಣ ಘಟಕವೊಂದನ್ನು ಊಹಿಸಿಕೊಳ್ಳೋಣ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆ ಅಲ್ಲಿಗೆ ಹೆಚ್ಚು ದೂರವಿಲ್ಲ. ಘಟಕದ ಮಾಲೀಕರು ಎರಡು ತೇಗದ ದಿಮ್ಮಿಗಳನ್ನು ಕೊಂಡು ತಂದಿದ್ದಾರೆ. ಎರಡರ ಸುತ್ತಳತೆಯೂ 36 ಅಂಗುಲ, ಉದ್ದವೂ 10 ಅಡಿ. ಮರದ ವ್ಯಾಪಾರದಲ್ಲಿ ರೂಢಿಯಲ್ಲಿರುವ ಕಾಲು ಸುತ್ತಳತೆಯ ಲೆಕ್ಕದಂತೆ 9 ಅಂಗುಲವನ್ನು 9ರಿಂದ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿದರೆ ಒಂದೊಂದೂ ಸುಮಾರು 5.6 ಘನ ಅಡಿ. ಜಾತಿ ಒಂದೇ, ಅಳತೆ ಒಂದೇ, ಕೊಟ್ಟ ಹಣವೂ ಒಂದೇ.

ಆದರೆ ಗರಗಸಕ್ಕೆ ಒಡ್ಡಿದಾಗ ಎರಡೂ ಬೇರೆ ಬೇರೆಯಾಗಿ ನಿಲ್ಲುತ್ತವೆ. ಮೊದಲನೆಯ ದಿಮ್ಮಿಯಲ್ಲಿ ಹೊರಗಿನ ಬಿಳಿ ಭಾಗ ಮುಕ್ಕಾಲು ಅಂಗುಲ ಮಾತ್ರ, ಉಳಿದದ್ದೆಲ್ಲ ಚೇಗು. ಎರಡನೆಯದರಲ್ಲಿ ಬಿಳಿ ಭಾಗವೇ ಒಂದೂವರೆ ಅಂಗುಲ. ಲೆಕ್ಕ ಹಾಕಿದರೆ ಮೊದಲನೆಯದರ ಅಡ್ಡಕೊಯ್ತದಲ್ಲಿ ಚೇಗಿನ ಪಾಲು ಶೇಕಡಾ 75ರಷ್ಟು, ಎರಡನೆಯದರಲ್ಲಿ ಶೇಕಡಾ 55ರಷ್ಟು. ಅಂದರೆ ಎರಡನೆಯ ದಿಮ್ಮಿಯಿಂದ ದೊರೆತ ಪ್ರತಿ ಘನ ಅಡಿ ಚೇಗಿಗೆ ಮಾಲೀಕರು ಮೂರನೆಯ ಒಂದು ಭಾಗಕ್ಕೂ ಹೆಚ್ಚು ಹಣವನ್ನು ಅಧಿಕವಾಗಿ ತೆತ್ತಂತಾಯಿತು. ಗಂಟುಗಳಿಂದಾಗುವ ನಷ್ಟ ಈ ಲೆಕ್ಕಕ್ಕೆ ಸೇರಿಲ್ಲ. ಬಾಗಿಲುವಾಡದ ನಿಲುವಿಗೆ ಏಳು ಅಡಿಯ ಒಂದೇ ತುಂಡು ಬೇಕು. ಎರಡೆರಡು ಅಡಿಗೊಂದು ದಪ್ಪ ಗಂಟು ಇರುವ ದಿಮ್ಮಿಯಲ್ಲಿ ಅಂತಹ ತುಂಡು ಸಿಗುವುದಿಲ್ಲ.

ಈ ವ್ಯತ್ಯಾಸ ಯಾರ್ಡಿನಲ್ಲಿ ಹುಟ್ಟಿದ್ದಲ್ಲ, ಸಾಮಿಲ್ಲಿನಲ್ಲಿ ಹುಟ್ಟಿದ್ದೂ ಅಲ್ಲ. ಯಾವ ಮರದ ಬೀಜದಿಂದ ಸಸಿ ಮಾಡಲಾಯಿತು, ಸಸಿಗಳನ್ನು ಎಷ್ಟೆಷ್ಟು ದೂರಕ್ಕೆ ನೆಡಲಾಯಿತು, ನಡುವೆ ಎಷ್ಟು ಮರಗಳನ್ನು ತೆಗೆಯಲಾಯಿತು, ಎಷ್ಟು ವರ್ಷ ಬಲಿಯಲು ಬಿಡಲಾಯಿತು ಎಂಬುದರಲ್ಲಿ ಅದರ ಮೂಲವಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಮರದ ಉದ್ಯಮಕ್ಕೆ ಅಕ್ಷರಶಃ ಅನ್ವಯಿಸುತ್ತದೆ.

ಕಾಡಿನ ಮರದಿಂದ ತೋಪಿನ ಮರಕ್ಕೆ

ಒಂದು ಕಾಲಕ್ಕೆ ಈ ವಿಚಾರ ವ್ಯಾಪಾರಿಗೆ ಅಷ್ಟು ಮುಖ್ಯವಾಗಿರಲಿಲ್ಲ. ದಾಂಡೇಲಿ, ಹಳಿಯಾಳದ ಡಿಪೋಗಳ ಹರಾಜಿನಲ್ಲಿ ಬರುತ್ತಿದ್ದ ತೇಗ ಬಹುಮಟ್ಟಿಗೆ ಸಹಜ ಕಾಡಿನ ಬಲಿತ ಮರ. ನಿಧಾನವಾಗಿ ಬೆಳೆದು ಹಲವು ದಶಕ ನಿಂತ ಆ ಮರದಲ್ಲಿ ಚೇಗು ತಾನಾಗಿಯೇ ತುಂಬಿರುತ್ತಿತ್ತು. 1988ರ ರಾಷ್ಟ್ರೀಯ ಅರಣ್ಯ ನೀತಿಯು ಮರಾಧಾರಿತ ಕೈಗಾರಿಕೆಗಳು ತಮ್ಮ ಕಚ್ಚಾವಸ್ತುವನ್ನು ರೈತರ ಜಮೀನಿನಿಂದ ಪಡೆಯಬೇಕೆಂದು ಸೂಚಿಸಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶ ಕಾಡಿನ ಕಡಿತದ ಮೇಲೆಯೂ ಸಾಮಿಲ್ಲುಗಳ ಮೇಲೆಯೂ ಬಿಗಿ ಹಿಡಿತ ತಂದಿತು. 2014ರ ಏಪ್ರಿಲ್‌ನಲ್ಲಿ ಮ್ಯಾನ್ಮಾರ್ ದೇಶವು ದಿಮ್ಮಿಗಳ ರಫ್ತನ್ನು ನಿಲ್ಲಿಸಿದಾಗ ಬರ್ಮಾ ತೇಗದ ದಿಮ್ಮಿಯ ಹಾದಿಯೂ ಮುಚ್ಚಿತು.

ಹೀಗಾಗಿ ಈಗ ಮಾರುಕಟ್ಟೆಗೆ ಬರುವ ಮರದಲ್ಲಿ ನೆಟ್ಟು ಬೆಳೆಸಿದ ಮರದ ಪಾಲೇ ಹಿರಿದು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ತೋಪುಗಳಿಂದ ಕಂಟೇನರುಗಳಲ್ಲಿ ಬರುವ ಕಿರು ಸುತ್ತಳತೆಯ ತೇಗ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್, ಬಯಲುಸೀಮೆಯ ಹೆಬ್ಬೇವು ಮತ್ತು ನೀಲಗಿರಿ, ನ್ಯೂಜಿಲೆಂಡಿನ ಪೈನ್ ಎಲ್ಲವೂ ಮನುಷ್ಯನ ನಿರ್ಧಾರದಿಂದ ಹುಟ್ಟಿದ ಮರಗಳು. ಕಾಡಿನ ಮರದ ಗುಣವನ್ನು ನಿಸರ್ಗ ನಿರ್ಧರಿಸುತ್ತಿತ್ತು. ತೋಪಿನ ಮರದ ಗುಣವನ್ನು ನೆಟ್ಟವನು ನಿರ್ಧರಿಸುತ್ತಾನೆ.

ತಳಿಯ ಪಾಲೆಷ್ಟು?

ಮರದ ಎಲ್ಲ ಗುಣಗಳೂ ಒಂದೇ ಪ್ರಮಾಣದಲ್ಲಿ ತಾಯಿಮರದಿಂದ ಸಸಿಗೆ ಇಳಿದುಬರುವುದಿಲ್ಲ. ಕಾಂಡದ ದಪ್ಪವು ಮಣ್ಣು, ನೀರು ಮತ್ತು ನೆರೆಮರಗಳ ಪೈಪೋಟಿಗೆ ಹೆಚ್ಚು ಅಧೀನವಾದುದು. ಅದರಲ್ಲಿ ವಂಶದ ಪಾಲು ಸಾಮಾನ್ಯವಾಗಿ ಕಡಿಮೆ. ಮರದ ಸಾಂದ್ರತೆ, ಅಂದರೆ ಒಂದು ಘನ ಅಡಿಯ ತೂಕ, ಇದಕ್ಕಿಂತ ಬಲವಾಗಿ ವಂಶಾನುಗತವಾಗಿ ಬರುತ್ತದೆ. ಕಾಂಡದ ನೇರತನ, ರೆಂಬೆಗಳ ಕೋನ, ನಾರಿನ ಸುರುಳಿ ಇವುಗಳ ಮೇಲೂ ತಳಿಯ ಪ್ರಭಾವ ಗಣನೀಯ. ಸಾಂದ್ರತೆ ಹೆಚ್ಚಿದಷ್ಟೂ ಬಲ ಹೆಚ್ಚು, ಸ್ಕ್ರೂ ಹಿಡಿಯುವ ಶಕ್ತಿಯೂ ಹೆಚ್ಚು. ನಾರು ಸುರುಳಿ ಸುತ್ತಿದ್ದರೆ ಹಲಗೆ ಒಣಗುವಾಗ ತಿರುಚಿಕೊಳ್ಳುತ್ತದೆ.

ತೇಗದಲ್ಲಿ ತಳಿಯ ಪ್ರಭಾವಕ್ಕೆ ಸ್ಪಷ್ಟ ಉದಾಹರಣೆಯೊಂದಿದೆ. ತೇಗದ ಹೂಗೊಂಚಲು ಕಾಂಡದ ತುದಿಯಲ್ಲಿ ಬಿಡುತ್ತದೆ. ಹೂ ಬಿಟ್ಟ ತುದಿ ಮುಂದೆ ಬೆಳೆಯದೆ ಅಲ್ಲಿಂದ ಕಾಂಡ ಕವಲೊಡೆಯುತ್ತದೆ. ಆದುದರಿಂದ ಎಳೆಯ ವಯಸ್ಸಿನಲ್ಲೇ ಹೂ ಬಿಡುವ ತಳಿಯ ಮರದಲ್ಲಿ ನೇರವಾದ ದಿಮ್ಮಿ ಗಿಡ್ಡ. ತಡವಾಗಿ ಹೂ ಬಿಡುವ ತಳಿಯಲ್ಲಿ ಉದ್ದ. ಉತ್ತರ ಕನ್ನಡದ ವಿರ್ನೋಲಿ ಪ್ರದೇಶದ ತೇಗ ಬೀಜಮೂಲವಾಗಿ ಹೆಸರು ಪಡೆದಿರುವುದು ಇಂತಹ ಗುಣವ್ಯತ್ಯಾಸಗಳನ್ನು ಅರಣ್ಯ ತಜ್ಞರು ಬಹಳ ಹಿಂದೆಯೇ ಗುರುತಿಸಿದ್ದರಿಂದ.

ಒಳ್ಳೆಯ ತಾಯಿಮರವನ್ನು ಆರಿಸುವುದು ತೋರುವಷ್ಟು ಸುಲಭವಲ್ಲ. ತೋಪಿನ ಅಂಚಿನಲ್ಲಿ ನಿಂತ ಮರ ದಪ್ಪಗಿರುವುದು ಅದರ ತಳಿಯಿಂದಲ್ಲ, ಅದಕ್ಕೆ ದೊರೆತ ಬಿಸಿಲು ಮತ್ತು ಜಾಗದಿಂದ. ಅದರ ಬೀಜ ಬಿತ್ತಿದರೆ ಆ ದಪ್ಪ ಸಸಿಗೆ ಬಾರದು. ತೋಪಿನ ಒಳಗೆ, ಒಂದೇ ವಯಸ್ಸಿನ ಮರಗಳ ನಡುವೆ, ಸಮಾನ ಪೈಪೋಟಿಯಲ್ಲಿ ನೆರೆಯವುಗಳನ್ನು ಮೀರಿ ಬೆಳೆದ ಮರವೇ ನಿಜವಾದ ಆಯ್ಕೆ. ಬೀಜ ಸಂಗ್ರಹಿಸುವವರ ರೂಢಿ ಮಾತ್ರ ಇದಕ್ಕೆ ವಿರುದ್ಧ. ಹತ್ತಲು ಸುಲಭವಾದ, ತಗ್ಗು ರೆಂಬೆಗಳ, ಹೇರಳವಾಗಿ ಕಾಯಿ ಬಿಡುವ ಮರದಿಂದಲೇ ಬೀಜ ಬರುತ್ತದೆ. ನೇರವಾದ ಮರಗಳನ್ನು ಕಡಿದು ಮಾರಿ, ಡೊಂಕು ಮರಗಳನ್ನು ಬೀಜಕ್ಕೆ ಉಳಿಸುವುದೂ ಉಂಟು. ಅದರ ಫಲವನ್ನು ಹದಿನೈದು ವರ್ಷಗಳ ನಂತರ ಕೊಳ್ಳುವವರು ಉಣ್ಣಬೇಕಾಗುತ್ತದೆ.

ನೀಲಗಿರಿ ಕಲಿಸಿದ ಪಾಠ

ಈ ವಿಚಾರದಲ್ಲಿ ಕರ್ನಾಟಕದ್ದೇ ಆದ ಅನುಭವವೊಂದಿದೆ. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿ ಬೆಟ್ಟದಲ್ಲಿ ನೀಲಗಿರಿಯ ಹಲವು ಪ್ರಭೇದಗಳನ್ನು ನೆಡಲಾಯಿತು. ಆ ಮರಗಳ ಸಂತತಿಯಿಂದ ಬಂದದ್ದೇ ಮುಂದೆ ದೇಶದಾದ್ಯಂತ ಮೈಸೂರು ಗಮ್ ಅಥವಾ ಮೈಸೂರು ಹೈಬ್ರಿಡ್ ಎಂದು ಹೆಸರಾದ ನೀಲಗಿರಿ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೋಲಾರ, ಬೆಂಗಳೂರು, ತುಮಕೂರು ಜಿಲ್ಲೆಗಳ ಒಣಭೂಮಿಯನ್ನು ಅದು ಆವರಿಸಿತು. ಆದರೆ ಬೀಜದ ಮೂಲ ಕಿರಿದಾಗಿತ್ತು, ಬೀಜವು ಮಿಶ್ರ ತಳಿಯದಾಗಿತ್ತು. ಮಿಶ್ರ ತಳಿಯ ಬೀಜದಿಂದ ಹುಟ್ಟಿದ ಸಸಿಗಳು ತಾಯಿಮರದಂತಿರುವುದಿಲ್ಲ. ಒಂದೇ ತೋಪಿನಲ್ಲಿ ದಪ್ಪ ಮರವೂ ಸಣಕಲು ಮರವೂ ಅಕ್ಕಪಕ್ಕದಲ್ಲೇ ನಿಂತವು; ಇಳುವರಿ ಕುಂದಿತು.

ಇದಕ್ಕೆ ಪರಿಹಾರವಾಗಿ ಬಂದದ್ದು ಕ್ಲೋನ್ ವಿಧಾನ. ಆಯ್ದ ಒಂದು ಮರದ ಚಿಗುರು ತುಂಡುಗಳಿಗೆ ಬೇರು ಬರಿಸಿ, ಅದರದೇ ತದ್ರೂಪಿ ಸಸಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಮಾಡುವುದು. ಬ್ರೆಜಿಲಿನ ಅರಾಕ್ರೂಜ್ ಸಂಸ್ಥೆಯ ತಂಡ ಈ ಸಾಧನೆಗಾಗಿ 1984ರಲ್ಲಿ ಮಾರ್ಕಸ್ ವಾಲೆನ್‌ಬರ್ಗ್ ಪ್ರಶಸ್ತಿ ಪಡೆಯಿತು. ಭಾರತದಲ್ಲಿ 1989ರಲ್ಲಿ ಭದ್ರಾಚಲಂನ ಕಾಗದ ಕಾರ್ಖಾನೆ ಇದೇ ಕಾರ್ಯವನ್ನು ಕೈಗೆತ್ತಿಕೊಂಡಿತು. ಬೀಜದ ತೋಪುಗಳಿಗೆ ಹೋಲಿಸಿದರೆ ಉತ್ತಮ ಕ್ಲೋನ್ ತೋಪುಗಳ ಇಳುವರಿ ಎರಡು ಪಟ್ಟನ್ನೂ ಮೀರಿತು. ಅದಕ್ಕಿಂತಲೂ ಮಿಗಿಲಾಗಿ, ಎಲ್ಲ ಮರಗಳೂ ಒಂದೇ ದಪ್ಪ, ಒಂದೇ ಗುಣ ಪಡೆದವು. ಕಾರ್ಖಾನೆಗೆ ಈ ಏಕರೂಪತೆಯೇ ದೊಡ್ಡ ಲಾಭ.

ಅದರಲ್ಲೇ ಅಪಾಯವೂ ಅಡಗಿದೆ. 2000ದ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ನೀಲಗಿರಿಗೆ ಎಲೆಗಂಟು ಕಣಜದ ಪಿಡುಗು ತಗುಲಿತು. ಕೆಲವು ಕ್ಲೋನ್‌ಗಳು ಅದನ್ನು ತಾಳಿಕೊಂಡವು, ಕೆಲವು ತತ್ತರಿಸಿದವು. ಒಂದೇ ಕ್ಲೋನನ್ನು ನಂಬಿ ಇಡೀ ಜಮೀನನ್ನು ತುಂಬಿದವರಿಗೆ ಅದರ ಬಿಸಿ ಹೆಚ್ಚು ತಟ್ಟಿತು. ಅಂತರ್ಜಲದ ಕಾರಣದಿಂದ 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೂ ಅದು ಕಲಿಸಿದ ಪಾಠ ಇಂದಿನ ಹೆಬ್ಬೇವಿಗೂ ಅನ್ವಯಿಸುತ್ತದೆ: ಜಾತಿಯ ಹೆಸರು ಗುಣದ ಖಾತರಿಯಲ್ಲ, ತಾಯಿಮರ ಯಾವುದು ಎಂಬುದೇ ಮುಖ್ಯ.

ಅಂತರದ ಪಾಲೆಷ್ಟು?

ಎರಡು ಮೀಟರ್ ಅಂತರದಲ್ಲಿ ಒಂದು ಎಕರೆಗೆ ಸುಮಾರು 1,000 ಸಸಿಗಳು ಹಿಡಿಸುತ್ತವೆ. ಮೂರು ಮೀಟರಿಗೆ 450, ನಾಲ್ಕು ಮೀಟರಿಗೆ 250, ಐದು ಮೀಟರಿಗೆ 160. ಇಷ್ಟು ವ್ಯತ್ಯಾಸವಿದ್ದರೂ ಮರಗಳ ಎತ್ತರದಲ್ಲಿ ಹೆಚ್ಚಿನ ಅಂತರ ಕಾಣುವುದಿಲ್ಲ. ಎತ್ತರವನ್ನು ಮುಖ್ಯವಾಗಿ ಮಣ್ಣು ಮತ್ತು ತಳಿ ನಿರ್ಧರಿಸುತ್ತವೆ. ಅಂತರವು ನಿರ್ಧರಿಸುವುದು ದಪ್ಪವನ್ನು, ರೆಂಬೆಯ ಗಾತ್ರವನ್ನು, ಮತ್ತು ಬುಡದಿಂದ ತುದಿಗೆ ಕಾಂಡ ಎಷ್ಟು ಬೇಗ ಸಣ್ಣದಾಗುತ್ತದೆ ಎಂಬುದನ್ನು.

ಒತ್ತಾಗಿ ನೆಟ್ಟ ತೋಪಿನಲ್ಲಿ ತಗ್ಗಿನ ರೆಂಬೆಗಳಿಗೆ ಬೆಳಕು ಸಿಗದೆ ಅವು ಎಳೆಯದರಲ್ಲೇ ಒಣಗಿ ಉದುರುತ್ತವೆ. ಗಂಟುಗಳು ಸಣ್ಣವಾಗಿ ತಿರುಳಿನ ಸಮೀಪವೇ ಉಳಿಯುತ್ತವೆ. ಕಾಂಡ ನೇರವಾಗಿ, ಕಂಬದಂತೆ ಏರುತ್ತದೆ. ಎಕರೆವಾರು ಲೆಕ್ಕದಲ್ಲಿ ಮೊದಲ ವರ್ಷಗಳಲ್ಲಿ ಒಟ್ಟು ಮರವೂ ಹೆಚ್ಚು. ಆದರೆ ಒಂದೊಂದು ಮರವೂ ಸಣಕಲು. ಅದು ಕಾಗದದ ತಿರುಳಿಗೆ, ಕಂಬಕ್ಕೆ, ಸೌದೆಗೆ ಸರಿ, ಹಲಗೆಗೆ ಸಾಲದು. ವಿರಳವಾಗಿ ನೆಟ್ಟಾಗ ಮರ ಬೇಗ ದಪ್ಪವಾಗುತ್ತದೆ, ಬೇಗ ಮಾರಾಟಕ್ಕೂ ಬರುತ್ತದೆ. ಆದರೆ ರೆಂಬೆಗಳೂ ದಪ್ಪವಾಗಿ, ಗಂಟುಗಳು ಹಲಗೆಯವರೆಗೂ ಚಾಚುತ್ತವೆ.

ಈ ಇಕ್ಕಟ್ಟಿಗೆ ಅರಣ್ಯ ಶಾಸ್ತ್ರ ಕಂಡುಕೊಂಡ ಉತ್ತರವೆಂದರೆ ಒತ್ತಾಗಿ ನೆಟ್ಟು, ಕ್ರಮವಾಗಿ ವಿರಳಗೊಳಿಸುವುದು. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕೊನೊಲಿ ನೀಲಂಬೂರಿನಲ್ಲಿ ತೇಗದ ತೋಪು ಆರಂಭಿಸಿದ ಕಾಲದಿಂದ ಬೆಳೆದುಬಂದ ಪದ್ಧತಿಯಿದು. ತೇಗವನ್ನು ಸಾಮಾನ್ಯವಾಗಿ ಎರಡು ಮೀಟರ್ ಅಂತರದಲ್ಲಿ ನೆಡುತ್ತಾರೆ. ಸುಮಾರು ಐದನೆಯ ಮತ್ತು ಹತ್ತನೆಯ ವರ್ಷಗಳಲ್ಲಿ, ಆನಂತರವೂ ಕೆಲವು ಬಾರಿ, ಡೊಂಕಾದ ಮತ್ತು ಹಿಂದುಳಿದ ಮರಗಳನ್ನು ತೆಗೆಯುತ್ತಾರೆ. ಹೀಗೆ ಉಳಿಯುವ ಪ್ರತಿ ಮರವೂ ಹಲವರಲ್ಲಿ ಒಂದಾಗಿ ಆಯ್ಕೆಯಾದದ್ದು. ಒತ್ತಾಗಿ ನೆಡುವುದರಿಂದ ರೆಂಬೆ ಹತೋಟಿಗೆ ಬರುತ್ತದೆ. ಆರಿಸಿ ತೆಗೆಯುವುದರಿಂದ ಒಳ್ಳೆಯ ತಳಿ ಉಳಿಯುತ್ತದೆ.

ರೈತರ ಜಮೀನಿನಲ್ಲಿ ಕೆಡುವುದು ಈ ಎರಡನೆಯ ಹೆಜ್ಜೆ. ನೆಟ್ಟ ಮರವನ್ನು ಎಳೆಯದರಲ್ಲಿ ಕಡಿಯಲು ಮನಸ್ಸು ಬಾರದು. ಕಡಿದ ಸಣ್ಣ ಕಂಬಕ್ಕೆ ಒಳ್ಳೆಯ ಬೆಲೆಯೂ ಇಲ್ಲ. ವಿರಳಗೊಳಿಸದೆ ಬಿಟ್ಟ ತೋಪಿನಲ್ಲಿ ಎಲ್ಲ ಮರಗಳೂ ಒಟ್ಟಿಗೆ ಸೊರಗುತ್ತವೆ. 1990ರ ದಶಕದಲ್ಲಿ ತೇಗದ ಸಸಿಯ ಮೇಲೆ ಹಣ ಹೂಡಿದರೆ 20 ವರ್ಷಗಳಲ್ಲಿ ಅನೇಕ ಪಟ್ಟು ಮರಳುವುದೆಂಬ ಜಾಹೀರಾತುಗಳು ದೇಶದೆಲ್ಲೆಡೆ ಹರಡಿದ್ದವು. ನೆಟ್ಟ ಮರಗಳೆಲ್ಲವೂ ಉಳಿದು, ಎಲ್ಲವೂ ಸಮನಾಗಿ ದಪ್ಪವಾಗುತ್ತವೆ ಎಂಬ ಲೆಕ್ಕಾಚಾರಕ್ಕೆ ಮರದ ಸ್ವಭಾವದಲ್ಲಿ ಆಧಾರವಿಲ್ಲ. ಇಂತಹ ಸಾಮೂಹಿಕ ಹೂಡಿಕೆ ಯೋಜನೆಗಳಿಗೆ 1999ರಲ್ಲಿ ಸೆಬಿ ನಿಯಮಾವಳಿ ತಂದಿತು.

ವಿರಳವಾಗಿ ನೆಟ್ಟರೂ ಒಳ್ಳೆಯ ಮರ ಪಡೆಯಲು ಸಾಧ್ಯ. ಆದರೆ ದುಡಿಮೆ ಬೇಕು. ಕಾಫಿ ತೋಟಗಳ ಸಿಲ್ವರ್ ಓಕ್ ಇದಕ್ಕೆ ನಿದರ್ಶನ. ಗಿಡಗಳ ನಡುವೆ ದೂರ ದೂರ ನಿಂತ ಆ ಮರದ ಪಕ್ಕದ ರೆಂಬೆಗಳನ್ನು ನೆರಳಿನ ಹದಕ್ಕಾಗಿ ಬೆಳೆಗಾರರು ಸವರುತ್ತಾರೆ. ಎಳೆಯದರಲ್ಲೇ ಸವರಿದ ರೆಂಬೆಯ ಗಂಟು ಒಳಗೇ ಹುದುಗಿ, ಅದರ ಮೇಲೆ ನಿರ್ಮಲವಾದ ಮರ ಬೆಳೆಯುತ್ತದೆ. ಪ್ಲೈವುಡ್ಡಿನ ಹಾಳೆ ಸುಲಿಯುವವರಿಗೆ ಬೇಕಾದುದು ಇದೇ. ದಪ್ಪವಾದ ಮೇಲೆ ಸವರಿದರೆ ಗಾಯ ದೊಡ್ಡದಾಗಿ ಒಳಗೆ ಕೊಳೆಯುವ ಸಂಭವವಿದೆ.

ಬೇಗ ಬೆಳೆದ ಮರ ದುರ್ಬಲವೇ?

ಬೇಗ ಬೆಳೆದ ಮರ ಜೊಳ್ಳು ಎಂಬ ಮಾತು ವ್ಯಾಪಾರಿಗಳಲ್ಲಿ ಪ್ರಚಲಿತ. ಇದು ಅರ್ಧ ಸತ್ಯ. ಪೈನ್ ಜಾತಿಯ ಮರಗಳಲ್ಲಿ ವೇಗ ಹೆಚ್ಚಿದರೆ ಸಾಂದ್ರತೆ ಸ್ವಲ್ಪ ಇಳಿಯುವುದುಂಟು. ತೇಗದಲ್ಲಿ ಹಾಗಲ್ಲ. ತೇಗದ ವಾರ್ಷಿಕ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲೊಂದು ಇರುತ್ತದೆ, ಅನಂತರ ಗಟ್ಟಿ ಭಾಗ. ಉಂಗುರ ಅಗಲವಾದಂತೆ ಹೆಚ್ಚುವುದು ಮುಖ್ಯವಾಗಿ ಆ ಗಟ್ಟಿ ಭಾಗವೇ. ಕೇರಳದ ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆಯ ಅಧ್ಯಯನಗಳೂ ಬೇಗ ಬೆಳೆದ ತೇಗ ಬಲದಲ್ಲಿ ಕೀಳೆಂದು ಹೇಳಲಾಗದೆಂಬುದನ್ನೇ ತೋರಿಸಿವೆ.

ಹಾಗಾದರೆ ತೊಂದರೆ ಎಲ್ಲಿದೆ? ವೇಗದಲ್ಲಲ್ಲ, ವಯಸ್ಸಿನಲ್ಲಿ. ಯಾವ ಮರದಲ್ಲೇ ಆಗಲಿ ತಿರುಳಿನ ಸುತ್ತ ಮೊದಲ ವರ್ಷಗಳಲ್ಲಿ ಬೆಳೆಯುವ ಭಾಗ ಎಳಸು. ಅದರ ನಾರು ಗಿಡ್ಡ, ಗೋಡೆ ತೆಳು; ಒಣಗುವಾಗ ಉದ್ದಕ್ಕೂ ಕುಗ್ಗಿ ಬಾಗುತ್ತದೆ. ತೇಗದಲ್ಲಿ ಪೂರ್ಣ ಬಲಿತ ಮರ ಕಟ್ಟಲು ಸುಮಾರು 20ರಿಂದ 25 ವರ್ಷ ಬೇಕು. ಅಗಲ ಅಂತರದಲ್ಲಿ ನೆಟ್ಟು, ನೀರು ಗೊಬ್ಬರ ಕೊಟ್ಟು, ಹದಿನೈದನೆಯ ವರ್ಷದಲ್ಲಿ 36 ಅಂಗುಲ ಸುತ್ತಳತೆ ಬಂದಿತೆಂದು ಕಡಿದರೆ ದಿಮ್ಮಿಯ ಬಹುಭಾಗ ಎಳಸು ಮರವೇ, ಹೊರಗೆ ಅಗಲವಾದ ಬಿಳಿ ಭಾಗ. ಗೆದ್ದಲು ಮತ್ತು ಕೊರೆಹುಳು ಮೊದಲು ಹಿಡಿಯುವುದು ಆ ಬಿಳಿ ಭಾಗವನ್ನು. ತೇಗದ ಬಾಗಿಲಿಗೂ ಗೆದ್ದಲು ಹಿಡಿಯಿತೆಂಬ ಗ್ರಾಹಕರ ದೂರಿನ ಹಿಂದೆ ಬಹುತೇಕ ಇದೇ ಕಾರಣವಿರುತ್ತದೆ.

ನ್ಯೂಜಿಲೆಂಡ್ ದೇಶವು ಈ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ಕಲಿಯಿತು. ಅಲ್ಲಿ ರೇಡಿಯೇಟಾ ಪೈನ್ ತಳಿ ಸುಧಾರಣೆ 1950ರ ದಶಕದಿಂದ ನಡೆಯುತ್ತಿದ್ದು, ಬೀಜದ ಗುಣಮಟ್ಟವನ್ನು ಸಂಖ್ಯೆಯಿಂದ ಸೂಚಿಸುವ ಜಿಎಫ್ ಎಂಬ ಶ್ರೇಣಿಯನ್ನು 1980ರ ದಶಕದಲ್ಲಿ ತಂದರು. ಬೆಳವಣಿಗೆ ಮತ್ತು ಕಾಂಡದ ಆಕಾರವನ್ನು ಆಧರಿಸಿದ ಈ ಶ್ರೇಣಿಯಿಂದ ಸಸಿ ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆಂಬುದು ತಿಳಿಯಿತು. ಆದರೆ ಬೇಗ ಬೆಳೆಯುವ ತಳಿ, ತೀರಾ ವಿರಳ ಅಂತರ, ಸುಮಾರು 28 ವರ್ಷಗಳಿಗೇ ಕಟಾವು ಇವು ಒಟ್ಟುಗೂಡಿದಾಗ ದಿಮ್ಮಿಯ ನಡುಭಾಗದ ಮರ ಬಿಗುವು ಸಾಲದೆ ಕಟ್ಟಡಕ್ಕೆ ಒದಗದ ಸಮಸ್ಯೆ ತಲೆದೋರಿತು. ಅನಂತರ ತಳಿ ಆಯ್ಕೆಯಲ್ಲಿ ಮರದ ಗುಣವನ್ನೂ ಪರಿಗಣಿಸಲಾಯಿತು. ದಿಮ್ಮಿಯಲ್ಲಿ ಶಬ್ದ ಸಾಗುವ ವೇಗವನ್ನು ಅಳೆದು, ಬಿಗುವಾದ ಮರವನ್ನು ಕಟ್ಟಡಕ್ಕೂ ಉಳಿದದ್ದನ್ನು ಪೆಟ್ಟಿಗೆಗೂ ವಿಂಗಡಿಸುವ ಉಪಕರಣಗಳು ಬಳಕೆಗೆ ಬಂದವು.

ಹೆಬ್ಬೇವಿನ ಮುಂದಿರುವ ಪ್ರಶ್ನೆ

ಪ್ಲೈವುಡ್ ಘಟಕಗಳ ಬೇಡಿಕೆಯಿಂದಾಗಿ ರಾಜ್ಯದ ಬಯಲುಸೀಮೆಯಲ್ಲಿ ಹೆಬ್ಬೇವು ವ್ಯಾಪಕವಾಗಿ ಹರಡಿದೆ. ಆರರಿಂದ ಎಂಟು ವರ್ಷಗಳಲ್ಲಿ ಕಟಾವಿಗೆ ಬರುವ ಈ ಮರದ ಬೀಜ ಮೊಳೆಯುವ ಪ್ರಮಾಣ ಬಹಳ ಕಡಿಮೆ. ಸಸಿಗೆ ಬೇಡಿಕೆ ಹೆಚ್ಚು, ಬೀಜ ಮೊಳೆಯುವುದು ಕಡಿಮೆ ಎಂದಾಗ ಸಿಕ್ಕ ಬೀಜವೇ ಬೀಜವಾಗುತ್ತದೆ. ರಾಜ್ಯದಲ್ಲಿ 2011-12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ಬದುಕುಳಿದ ಸಸಿಗಳ ಸಂಖ್ಯೆಯನ್ನು ನೋಡಿ ರೈತರಿಗೆ ಹಣ ನೀಡುವಂತೆ ರೂಪುಗೊಂಡಿತು. ಮರ ನೆಡಿಸುವಲ್ಲಿ ಅದರ ಉಪಯೋಗ ದೊಡ್ಡದು. ಆದರೆ ಸಂಖ್ಯೆಯ ಲೆಕ್ಕದಲ್ಲಿ ಒಳ್ಳೆಯ ತಳಿಗೂ ಕಳಪೆ ತಳಿಗೂ ಭೇದವಿಲ್ಲ. ಆ ಭೇದವನ್ನು ಬೆಲೆಯ ಮೂಲಕ ತೋರಿಸಬಲ್ಲವರು ಕೊಳ್ಳುವವರು ಮಾತ್ರ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ದಿಮ್ಮಿಯ ಸುತ್ತಳತೆಯ ಜೊತೆಗೆ ಎರಡೂ ತುದಿಗಳಲ್ಲಿ ಬಿಳಿ ಭಾಗದ ಅಗಲವನ್ನು ಅಳೆದು ಬರೆದುಕೊಳ್ಳಬೇಕು. ಬೆಲೆಯನ್ನು ಒಟ್ಟು ಘನ ಅಡಿಗಲ್ಲ, ಚೇಗಿನ ಘನ ಅಡಿಗೆ ಹೋಲಿಸಿ ನೋಡಬೇಕು.

2. ತುದಿಯ ಉಂಗುರಗಳನ್ನು ಎಣಿಸಿದರೆ ತೇಗದ ವಯಸ್ಸು ಅಂದಾಜಿಗೆ ಸಿಗುತ್ತದೆ. ತಿರುಳು ನಡುವಿನಿಂದ ಬಹಳ ಸರಿದಿದ್ದರೆ, ನಕ್ಷತ್ರದಂತೆ ಸೀಳು ಬಿಟ್ಟಿದ್ದರೆ ಹಲಗೆ ಬಾಗುವ ಸಂಭವ ಹೆಚ್ಚು.

3. ತೊಗಟೆಯ ಮೇಲಿನ ರೆಂಬೆ ಕಲೆಗಳ ನಡುವಿನ ದೂರವನ್ನು ನೋಡಬೇಕು. ಏಳು ಅಡಿ ಗಂಟಿಲ್ಲದ ತುಂಡು ಬೇಕಾದವರಿಗೆ ಈ ಒಂದು ನೋಟವೇ ಸಾಕಷ್ಟು ಹಣ ಉಳಿಸೀತು.

4. ಮಾರುವವರನ್ನು ಮರದ ವಯಸ್ಸು, ನೆಟ್ಟ ಅಂತರ, ವಿರಳಗೊಳಿಸಿದ ವರ್ಷ ಮತ್ತು ಸಸಿಯ ಮೂಲವನ್ನು ಕೇಳಬೇಕು. ಉತ್ತರ ದೊರೆಯದಿದ್ದರೆ ಮೊದಲು ಕೆಲವೇ ದಿಮ್ಮಿಗಳನ್ನು ಕೊಯ್ಯಿಸಿ, ಎಷ್ಟು ಮಾಲು ದೊರೆಯಿತೆಂದು ನೋಡಿ ಉಳಿದದ್ದಕ್ಕೆ ಬೆಲೆ ಕಟ್ಟಬೇಕು.

5. ಎಳಸು ಮರವನ್ನು ಕೊಳ್ಳಲೇಬೇಕಾದಾಗ ಅದಕ್ಕೆ ತಕ್ಕ ಕೆಲಸಕ್ಕೆ ಬಳಸಬೇಕು. ಗಿಡ್ಡ ತುಂಡುಗಳಿಗೆ, ಅಂಟಿಸಿ ಜೋಡಿಸುವ ಹಲಗೆಗಳಿಗೆ ಅದು ಒದಗುತ್ತದೆ. ಚೆನ್ನಾಗಿ ಒಣಗಿಸದೆ ಚೌಕಟ್ಟಿಗೆ ಬಳಸಬಾರದು. ಬಿಳಿ ಭಾಗಕ್ಕೆ ಗೆದ್ದಲು ನಿರೋಧಕ ಉಪಚಾರ ಅಗತ್ಯ.

6. ರೈತರೊಡನೆ ಒಪ್ಪಂದ ಮಾಡಿಕೊಳ್ಳುವ ಘಟಕಗಳು ಮೂಲ ತಿಳಿದ ಸಸಿಗಳನ್ನೇ ಒದಗಿಸಬೇಕು. ಒಂದೇ ಕ್ಲೋನಿನ ಬದಲು ಹಲವನ್ನು ಕೊಡಬೇಕು. ನಡುವೆ ತೆಗೆಯುವ ಸಣ್ಣ ಮರಕ್ಕೂ ಬೆಲೆ ಗೊತ್ತುಪಡಿಸಬೇಕು. ಆಗ ಮಾತ್ರ ರೈತರು ತೋಪನ್ನು ವಿರಳಗೊಳಿಸಲು ಮುಂದಾಗುತ್ತಾರೆ.

ಮರದ ಜಾತಿ ಮತ್ತು ಗುಣದ ಬಗ್ಗೆ ಸಂದೇಹ ಬಂದಾಗ ನೆರವಿಗೆ ದೂರ ಹೋಗಬೇಕಾಗಿಲ್ಲ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭಗೊಂಡ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮಲ್ಲೇಶ್ವರದಲ್ಲೇ ಇದೆ. ಮಾರೇನಹಳ್ಳಿ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಘಟಕಗಳಿಗೆ ಅದು ನಗರದೊಳಗಿನ ಪ್ರಯಾಣ ಮಾತ್ರ.

ಇಂದು ಯಾರ್ಡಿನಲ್ಲಿ ಸುತ್ತಳತೆಗೆ ಮಾತ್ರ ಬೆಲೆ ಇದೆ. ಹಾಗಿರುವವರೆಗೆ ಬೆಳೆಗಾರನು ಸುತ್ತಳತೆಯನ್ನೇ ಬೆಳೆಯುತ್ತಾನೆ. ಅದು ಅವನ ತಪ್ಪಲ್ಲ. ಚೇಗಿಗೆ, ನೇರ ನಾರಿಗೆ, ಗಂಟಿಲ್ಲದ ಉದ್ದಕ್ಕೆ ಕೊಳ್ಳುವವರು ಹೆಚ್ಚಿನ ಬೆಲೆ ಕೊಡಲು ಆರಂಭಿಸಿದ ದಿನ ನರ್ಸರಿಯಲ್ಲಿ ಬೀಜದ ಮೂಲದ ಪ್ರಶ್ನೆ ಏಳುತ್ತದೆ, ತೋಪಿನಲ್ಲಿ ಅಂತರದ ಲೆಕ್ಕ ಬದಲಾಗುತ್ತದೆ. ಆ ದಿನ ನೆಟ್ಟ ಮರ ಮಾರುಕಟ್ಟೆಗೆ ಬರಲು ಹಲವು ವರ್ಷ ಬೇಕು ಎಂಬುದು ನಿಜ. ಆದುದರಿಂದಲೇ ಅಳತೆಯ ಪುಸ್ತಕದಲ್ಲಿ ಚೇಗಿಗೊಂದು ಅಂಕಣ ಸೇರಿಸುವ ಕೆಲಸವನ್ನು ಮುಂದಿನ ಲೋಡು ಇಳಿಯುವ ಮೊದಲೇ ಮಾಡುವುದು ಲೇಸು.